ಒಂಬತ್ತನೇ ಕ್ಲಾಸಿಗೆ ಇಂಗ್ಲಿಷಿನಲ್ಲಿ ಕ್ಲೋನಿಂಗ್ ಪಾಠ: ಡಾಲಿಯಿಂದ ಶುರು ಮಾಡುವುದಾ, ಬಸಳೆಯಿಂದಲಾ?

ಇಂಗ್ಲಿಷ್_ಟೀಚರ್_ಉಡುಪಿ
ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹೈಸ್ಕೂಲು, ಒಂಬತ್ತನೇ ಕ್ಲಾಸು, 38 ಮಕ್ಕಳು. ಇಂಗ್ಲಿಷಿನಲ್ಲಿ ಕ್ಲೋನಿಂಗ್ ಮತ್ತು ಹೊಸ ತಂತ್ರಜ್ಞಾನದ ಬಗ್ಗೆ ಒಂದು ಪುಟದ ಪ್ಯಾಸೇಜ್ ಮಾಡ್ಲಿಕ್ಕುಂಟು. 40 ನಿಮಿಷದ ಎರಡು ಪೀರಿಯಡ್, ಮೂರನೆಯದರಲ್ಲಿ ಡಿಬೇಟ್.

ಮಕ್ಕಳಿಗೆ ಕ್ಲೋನ್, ಪ್ರನಾಳ ಶಿಶು, ಕುಲಾಂತರಿ ಎಲ್ಲ ಒಂದೇ. ಡಾಲಿ ಎಂಬ ಕ್ಲೋನ್ ಕುರಿಯನ್ನು ಹೇಗೆ ಮಾಡಿದರು ಅಂತ ಬರೆಯಲು ಹೇಳಿದರೆ ವಾಕ್ಯ ಕಟ್ಟಲು ಬರುವುದಿಲ್ಲ. ಡಿಬೇಟಿಗೆ "ಮನುಷ್ಯರನ್ನು ಕ್ಲೋನ್ ಮಾಡಬಹುದೇ" ಅಂತ ಕೊಟ್ಟರೆ ಎಲ್ಲರೂ ಗೈಡಿನ ಅದೇ ನಾಲ್ಕು ಸಾಲು ಒಪ್ಪಿಸುತ್ತಾರೆ. ವಿಜ್ಞಾನ ಗೊತ್ತಿದ್ದವರು, ಭಾಷೆ ಗೊತ್ತಿದ್ದವರು ಇಬ್ಬರೂ ಹೇಳಿ. ಲ್ಯಾಬ್ ಇಲ್ಲ, ಪ್ರೊಜೆಕ್ಟರ್ ಇದ್ದೂ ಇಲ್ಲ.

ಬಸಳೆ_ಚಪ್ಪರ
ಡಾಲಿ ಎಲ್ಲಿಯ ಕುರಿ ಟೀಚರ್, ನಮ್ಮ ಮಕ್ಕಳಲ್ಲಿ ಎಷ್ಟು ಜನ ಕುರಿ ನೋಡಿದ್ದಾರೆ? ಬಸಳೆಯಿಂದ ಶುರು ಮಾಡಿ. ಬಸಳೆ ದಂಟು ನೆಡದ ಮನೆ ಉಡುಪಿಯಲ್ಲಿ ಉಂಟಾ? ಆ ದಂಟಿನಿಂದ ಬಂದ ಬಳ್ಳಿ ಮೂಲ ಬಳ್ಳಿಯ ಕ್ಲೋನ್. ಶಂಕರಪುರ ಮಲ್ಲಿಗೆಯೂ ಹಾಗೆಯೇ, ಗೆಲ್ಲು ನೆಟ್ಟು ಬೆಳೆಸುವುದು. ಬಾಳೆ ಕಂದೂ ಹಾಗೆಯೇ.

ಪದಕೋಶ
ಶಬ್ದವೇ ಅಲ್ಲಿಂದ ಬಂದದ್ದು. ಗ್ರೀಕಿನಲ್ಲಿ 'ಕ್ಲೋನ್' ಅಂದರೆ ಗೆಲ್ಲು, ಟಿಸಿಲು. 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ ಗೆಲ್ಲು, ಗಡ್ಡೆ, ಕಸಿಯಿಂದ ಹುಟ್ಟಿದ ಗಿಡಗಳಿಗೆ ಒಂದು ಹೆಸರು ಬೇಕೆಂದು ಅದನ್ನು ತಂದರು. ಆಗ ಸ್ಪೆಲ್ಲಿಂಗಿನ ಕೊನೆಗೆ 'ಇ' ಅಕ್ಷರ ಇರಲಿಲ್ಲ. 'ಓ' ದೀರ್ಘವಾಗಿ ಕೇಳಬೇಕೆಂದು ಆಮೇಲೆ ಸೇರಿಸಿಕೊಂಡರು. ಕೊನೆಯ 'ಇ' ಬಾಯಿ ಬಿಡದೆ ಹಿಂದಿನ ಸ್ವರವನ್ನು ಎಳೆಯುತ್ತದೆ ಎಂಬ ನಿಯಮ ಹೇಳಿಕೊಡಲು ಇದಕ್ಕಿಂತ ಒಳ್ಳೆ ಶಬ್ದ ಸಿಗಲಿಕ್ಕಿಲ್ಲ. ಫೋನ್, ಸ್ಟೋನ್, ಬೋನ್, ಕ್ಲೋನ್ ಅಂತ ಒಟ್ಟಿಗೆ ಹೇಳಿಸಿ. ಇಲ್ಲದಿದ್ದರೆ ಅರ್ಧ ಕ್ಲಾಸು 'ಕ್ಲೌನ್' ಅಂತ ಓದಿ ಸರ್ಕಸ್ಸಿನ ಜೋಕರ್ ಮಾಡಿಬಿಡುತ್ತದೆ.

ಸುಮ್ನೆ_ಓದುವವ
'ಜೀನ್ಸ್' ಬಂದಾಗ ಪ್ಯಾಂಟ್ ಅಂತ ನಗದ ಕ್ಲಾಸು ಇಲ್ಲ ಮಾರಾಯ್ರೆ.

ಪದಕೋಶ
ನಗಲಿ ಬಿಡಿ. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ಎರಡನ್ನೂ ಬೋರ್ಡಿನಲ್ಲಿ ಬರೆದರೆ ಅದೊಂದು ಪಾಠವೇ ಆಯ್ತು. ಕನ್ನಡದಲ್ಲಿ ವಂಶವಾಹಿ ಅಂತ ಒಮ್ಮೆ ಹೇಳಿ ಮುಂದೆ ಹೋಗಿ.

ಲ್ಯಾಬ್_ಕೋಟು
ಬಸಳೆಯವರಿಗೆ ಒಂದು ತಕರಾರು. ದಂಟು ನೆಡುವುದೂ ಡಾಲಿಯೂ ಒಂದೇ ಅಂತ ಮಕ್ಕಳ ತಲೆಗೆ ಹೋದರೆ ಆಮೇಲೆ ತೆಗೆಯುವುದು ಕಷ್ಟ. ಗಿಡದ ಗೆಣ್ಣಿನಲ್ಲಿ ಬೆಳೆಯುವ ಕೋಶ ಮೊದಲೇ ಇರುತ್ತದೆ, ಅದು ತನ್ನಷ್ಟಕ್ಕೆ ಬೇರು ಬಿಡುತ್ತದೆ. ಕುರಿಯ ಕೆಚ್ಚಲಿನ ಕೋಶವನ್ನು ಮಣ್ಣಲ್ಲಿ ಹುಗಿದರೆ ಕುರಿ ಬರುವುದಿಲ್ಲ. ಕೆಚ್ಚಲಾಗಿ ಪಳಗಿದ ಕೋಶವನ್ನು ಮತ್ತೆ ಆರಂಭಕ್ಕೆ ತಿರುಗಿಸುವ ಶಕ್ತಿ ಅಂಡಾಣುವಿನ ಒಳಗಿನ ರಸಕ್ಕೆ ಉಂಟು ಅಂತ ತೋರಿಸಿದ್ದೇ ಡಾಲಿಯ ದೊಡ್ಡ ಸುದ್ದಿ. ಕಪ್ಪೆಯಲ್ಲಿ ಇದನ್ನು ಜಾನ್ ಗರ್ಡನ್ 1962ರಲ್ಲೇ ತೋರಿಸಿದ್ದರು, ಅದಕ್ಕೆ 2012ರಲ್ಲಿ ನೊಬೆಲ್ ಬಂತು. ಬೆಳೆದ ಸಸ್ತನಿಯ ಕೋಶದಿಂದ ಆಗುವುದಿಲ್ಲ ಅಂತಲೇ 1996ರ ತನಕ ಹೆಚ್ಚಿನವರು ನಂಬಿದ್ದರು.

ಬಸಳೆ_ಚಪ್ಪರ
ಒಪ್ಪಿದೆ. ಆದರೆ ಮಕ್ಕಳಿಗೆ ಮೊದಲು ಶಬ್ದದ ಅರ್ಥ ಕೂರಬೇಕಲ್ಲ. ಜೀನ್ ಅದೇ, ಗಂಡು-ಹೆಣ್ಣಿನ ಬೆರಕೆ ಇಲ್ಲ, ಅಷ್ಟು ಸಾಕು ಮೊದಲ ದಿನಕ್ಕೆ. ವಿರುದ್ಧ ಉದಾಹರಣೆಯೂ ಇಲ್ಲೇ ಉಂಟು: ಮಟ್ಟುಗುಳ್ಳ, ನಮ್ಮ ಊರಿನ ಬದನೆ. ಅದು ಬೀಜದಿಂದ ಬರುವುದು, ಹಾಗಾಗಿ ಕ್ಲೋನ್ ಅಲ್ಲ. ಬದನೆ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಗುಳ್ಳ ಗುಳ್ಳವೇ ಆಗಿ ಬರುತ್ತದೆ, ಆದರೂ ಬೀಜ ಬೀಜವೇ. ಬೋರ್ಡಿನಲ್ಲಿ ಎರಡು ಕಾಲಂ ಹಾಕಿ. ಬಸಳೆ, ಮಲ್ಲಿಗೆ, ಬಾಳೆ ಒಂದು ಕಡೆ. ಗುಳ್ಳ, ತೆಂಗು, ಅಡಿಕೆ ಇನ್ನೊಂದು ಕಡೆ. ಅದರ ಮೇಲೆ "ಈಸ್ ಇಟ್ ಅ ಕ್ಲೋನ್?" ಅಂತ ಕೇಳಿ, "ಎಸ್, ಬಿಕಾಸ್" ಅಂತ ಉತ್ತರ ಹೇಳಿಸಿ.

ಅಡಿಕೆ_ಹಾಳೆ
ಅಡಿಕೆಗೆ ಕಸಿ ಯಾಕೆ ಆಗುವುದಿಲ್ಲ ಅಂತ ಒಬ್ಬನಾದರೂ ಕೇಳುತ್ತಾನೆ, ತಯಾರಿರಿ. ಮಾವು, ಗೇರಿನ ಕಾಂಡದಲ್ಲಿ ಸಿಪ್ಪೆಯ ಅಡಿಗೆ ಕೇಂಬಿಯಂ ಅಂತ ಒಂದು ತೆಳು ಪದರ ಉಂಟು, ಎರಡು ತುಂಡು ಬೆಸೆಯುವುದು ಅದು. ತೆಂಗು, ಅಡಿಕೆ ತಾಳೆಯ ಜಾತಿ, ಅವಕ್ಕೆ ಆ ಪದರ ಇಲ್ಲ. ಹಾಗಾಗಿ ಬೀಜದ ಸಸಿಯೇ ಗತಿ, ಇಲ್ಲವಾದರೆ ಲ್ಯಾಬಿನ ಬಾಟಲಿಯಲ್ಲಿ ಸಸಿ ಬೆಳೆಸುವ ಅಂಗಾಂಶ ಕೃಷಿ.

ಗೇರುಬೀಜ
ಗೇರು ಕಸಿಯನ್ನು ಬಿಡಬೇಡಿ. ಉಳ್ಳಾಲದ ಸಂಶೋಧನಾ ಕೇಂದ್ರದ ತಳಿಗಳು, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ತಳಿಗಳು ಎಲ್ಲ ಊರೂರಿಗೆ ಹೋಗುವುದು ಕಸಿ ಗಿಡವಾಗಿಯೇ. ಬೀಜ ಹಾಕಿದರೆ ತಾಯಿಮರದ ಗುಣ ಬರುವ ಖಾತ್ರಿ ಇಲ್ಲ, ಗೇರಿನಲ್ಲಿ ಪರಪರಾಗ ಜಾಸ್ತಿ.

ಮೆದುಕಾಂಡ ಕಸಿಯ ಕ್ರಮ ಹೀಗೆ. ಬೇರುಸಸಿ, ಅಂದರೆ ಕಸಿ ಕೂರಿಸುವ ಅಡಿಯ ಸಸಿ, 45ರಿಂದ 60 ದಿನದ್ದು ಇರಬೇಕು. ತಾಯಿಮರದಲ್ಲಿ ಹೂ ಬಿಡದ, ಪೆನ್ಸಿಲ್ ದಪ್ಪದ, 10–12 ಸೆಂ.ಮೀ. ಉದ್ದದ ತುದಿ ಆರಿಸಬೇಕು, ಅದೇ ಕಸಿಕಡ್ಡಿ. ಕಡಿಯುವ 7–10 ದಿನ ಮೊದಲೇ ಅದರ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು, ಆಗ ತುದಿಯ ಮೊಗ್ಗು ಉಬ್ಬುತ್ತದೆ. ಬೇರುಸಸಿಯ ತಲೆ ಕತ್ತರಿಸಿ ನಡುವೆ ನಾಲ್ಕೈದು ಸೆಂ.ಮೀ. ಸೀಳಿ, ಕಸಿಕಡ್ಡಿಯ ಬುಡವನ್ನು ಎರಡೂ ಬದಿ ಚೂಪು ಮಾಡಿ ಕೂರಿಸಿ, 2 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಮೇಲಿಂದ ಪ್ಲಾಸ್ಟಿಕ್ ಟೊಪ್ಪಿ. ಚಿಗುರು ಕಾಣಲು ಮೂರು-ನಾಲ್ಕು ವಾರ ಬೇಕು.

ಹಾಳಾಗುವುದು ಎಲ್ಲಿ ಅಂದರೆ: ಕಡ್ಡಿಯೂ ಸಸಿಯೂ ಒಂದೇ ದಪ್ಪ ಇಲ್ಲದಿದ್ದರೆ ಪದರಕ್ಕೆ ಪದರ ತಾಗುವುದಿಲ್ಲ. ಪಟ್ಟಿ ಸಡಿಲವಾದರೆ ಒಳಗೆ ನೀರು ಹೋಗಿ ಕಪ್ಪಾಗುತ್ತದೆ. ಎಲೆ ಮೊದಲೇ ತೆಗೆಯದಿದ್ದರೆ ಮೊಗ್ಗಿಗೆ ಬಲ ಇರುವುದಿಲ್ಲ.

ಇಲ್ಲಿಂದ ಡಾಲಿಗೆ ಸೀದಾ ದಾರಿ ಉಂಟು. ಬೇರುಸಸಿ ನೀರು, ಗೊಬ್ಬರ ಕೊಡುತ್ತದೆ, ಆದರೆ ಬೀಜದ ಗಾತ್ರ ನಿರ್ಧರಿಸುವ ಜೀನ್ ಕಡ್ಡಿಯದ್ದು. ಬಾಡಿಗೆ ತಾಯಿಯೂ ಹಾಗೆಯೇ. 'ಸರೊಗೇಟ್' ಅಂತ ಕಷ್ಟದ ಶಬ್ದ ಬಂದಾಗ ಬೇರುಸಸಿ ಅಂತ ಹೇಳಿ ನೋಡಿ.

ಲ್ಯಾಬ್_ಕೋಟು
ಈ ಹೋಲಿಕೆ ಒಳ್ಳೆಯದುಂಟು, ನನ್ನ ತಕರಾರು ಅರ್ಧ ವಾಪಸ್.

ಇಂಗ್ಲಿಷ್_ಟೀಚರ್_ಉಡುಪಿ
ಬಸಳೆ, ಗೇರು ಎರಡೂ ತಗೊಂಡೆ. ಈಗ ಡಾಲಿಯ ಕ್ರಮ ಯಾರಾದರೂ ಸರಿಯಾಗಿ ಹೇಳಿ. ಗೈಡಿನಲ್ಲಿ "ಎರಡು ಕುರಿಯ ಕೋಶ ಸೇರಿಸಿದರು" ಅಂತ ಮಾತ್ರ ಉಂಟು.

ಲ್ಯಾಬ್_ಕೋಟು
ಸೇರಿಸಿದ್ದು ಹೌದು, ಆದರೆ ಒಂದನ್ನು ಖಾಲಿ ಮಾಡಿ.

ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ರೋಸ್ಲಿನ್ ಸಂಸ್ಥೆ. ಇಯಾನ್ ವಿಲ್ಮಟ್, ಕೀತ್ ಕ್ಯಾಂಬೆಲ್ ಮತ್ತವರ ತಂಡ. ಆರು ವರ್ಷದ ಫಿನ್ ಡಾರ್ಸೆಟ್ ಕುರಿಯ, ಅಂದರೆ ಬಿಳಿ ಮುಖದ ತಳಿಯ, ಕೆಚ್ಚಲಿನ ಕೋಶ ತೆಗೆದರು. ಅವನ್ನು ಐದು ದಿನ ಪೋಷಕಾಂಶ ಕಡಿಮೆ ಮಾಡಿ ಉಪವಾಸ ಹಾಕಿದರು. ಉಪವಾಸ ಯಾಕೆಂದರೆ ವಿಭಜನೆ ನಿಲ್ಲಬೇಕು, ಇಲ್ಲದಿದ್ದರೆ ಅಂಡಾಣುವಿನ ತಾಳಕ್ಕೂ ಕೋಶದ ತಾಳಕ್ಕೂ ಹೊಂದುವುದಿಲ್ಲ. ಕಪ್ಪು ಮುಖದ ಸ್ಕಾಟಿಷ್ ಕುರಿಯ ಅಂಡಾಣುವಿನಿಂದ ಕೋಶಕೇಂದ್ರವನ್ನು ಹೀರಿ ತೆಗೆದರು. ಖಾಲಿ ಅಂಡಾಣುವಿನ ಪಕ್ಕದಲ್ಲಿ ಕೆಚ್ಚಲಿನ ಕೋಶ ಇಟ್ಟು ಸಣ್ಣ ವಿದ್ಯುತ್ ಮಿಡಿತ ಕೊಟ್ಟರು. ಎರಡೂ ಬೆಸೆದುಕೊಂಡವು, ಅದೇ ಮಿಡಿತಕ್ಕೆ ವಿಭಜನೆಯೂ ಶುರುವಾಯಿತು. ಭ್ರೂಣವನ್ನು ಇನ್ನೊಂದು ಕಪ್ಪು ಮುಖದ ಕುರಿಯ ಗರ್ಭದಲ್ಲಿ ಇಟ್ಟರು. 1996ರ ಜುಲೈ 5ರಂದು ಬಿಳಿ ಮುಖದ ಮರಿ ಹುಟ್ಟಿತು. ಕಪ್ಪು ಮುಖದ ಹೊಟ್ಟೆಯಿಂದ ಬಿಳಿ ಮುಖ ಬಂತು ಅಂದರೆ ಜೀನ್ ಯಾರದ್ದು ಅಂತ ಮಕ್ಕಳೇ ಹೇಳುತ್ತಾರೆ. ಲೋಕಕ್ಕೆ ತಿಳಿಸಿದ್ದು 1997ರ ಫೆಬ್ರವರಿಯಲ್ಲಿ.

ಲೆಕ್ಕವನ್ನೂ ಬೋರ್ಡಿನಲ್ಲಿ ಬರೆಯಿರಿ: ಬೆಸೆದ ಅಂಡಾಣು 277, ಗರ್ಭಕ್ಕೆ ಹೋದ ಭ್ರೂಣ 29, ಬಾಡಿಗೆ ತಾಯಂದಿರು 13, ಮರಿ 1. ಡಿಬೇಟಿನಲ್ಲಿ ಮನುಷ್ಯರ ಕ್ಲೋನಿಂಗ್ ಬೇಡ ಅನ್ನುವವರಿಗೆ ಈ ಒಂದೇ ಸಾಲು ಸಾಕು.

ಪದಕೋಶ
ಇದನ್ನೇ ಪ್ಯಾಸಿವ್ ವಾಯ್ಸಿಗೆ ಬಳಸಿ. ಯಾರು ಮಾಡಿದರು ಅನ್ನುವುದಕ್ಕಿಂತ ಏನಾಯಿತು ಮುಖ್ಯ ಆದಾಗಲೇ ಅಲ್ಲವೇ ಪ್ಯಾಸಿವ್ ಬೇಕಾಗುವುದು. ಕನ್ನಡದಲ್ಲಿ "ತೆಗೆಯಲಾಗುತ್ತದೆ, ಇಡಲಾಗುತ್ತದೆ" ಅಂತ ವಿಜ್ಞಾನ ಪುಸ್ತಕದಲ್ಲಿ ಓದಿ ಮಕ್ಕಳಿಗೆ ರೂಢಿ ಉಂಟು. ಅದರ ಪಕ್ಕದಲ್ಲಿ "ಈಸ್ ಟೇಕನ್, ಈಸ್ ರಿಮೂವ್ಡ್, ಈಸ್ ಪ್ಲೇಸ್ಡ್" ಬರೆಯಿರಿ.

ಡಾಲಿಯ ಕ್ರಮವನ್ನು ಐದು ವಾಕ್ಯದಲ್ಲಿ ಬರೆದು ಐದು ಕಾಗದದ ಪಟ್ಟಿ ಮಾಡಿ, ಕಲಸಿ, ನಾಲ್ಕು ಜನರ ಗುಂಪಿಗೆ ಒಂದು ಕಟ್ಟು ಕೊಡಿ. ಸರಿಯಾಗಿ ಜೋಡಿಸಿದ ಮೇಲೆ ಪಟ್ಟಿ ತಿರುಗಿಸಿಟ್ಟು ನೆನಪಿನಿಂದ ಬರೆಯಲಿ. 'ದೆನ್' ಒಂದೇ ಹತ್ತು ಸಲ ಬರುತ್ತದೆ, ಅದಕ್ಕೆ ಫಸ್ಟ್, ನೆಕ್ಸ್ಟ್, ಆಫ್ಟರ್ ದಟ್, ಫೈನಲಿ ಅಂತ ನಾಲ್ಕು ಶಬ್ದ ಮೊದಲೇ ಬೋರ್ಡಿನಲ್ಲಿ ಇರಲಿ. "ಈಸ್ ರಿಮೂವ್" ಅಂತ ಕೊನೆಯ 'ಡಿ' ನುಂಗುವ ತಪ್ಪು ಖಂಡಿತ ಬರುತ್ತದೆ. ಇನ್ನೊಂದು "ವಾಸ್ ಬಾರ್ನ್‌ಡ್".

ಗ್ರಾಮರ್_ಗಲಾಟೆ
ಪ್ರೆಸೆಂಟ್ ಟೆನ್ಸ್ ಯಾಕೆ? ಡಾಲಿ ಆಗಿಹೋದ ಕಥೆ. "ವಾಸ್ ಟೇಕನ್" ಆಗಬೇಕು.

ಪದಕೋಶ
ವಿಧಾನ ಹೇಳುವಾಗ ಪ್ರೆಸೆಂಟ್, ಡಾಲಿಯ ಕಥೆ ಹೇಳುವಾಗ ಪಾಸ್ಟ್. ಮೊದಲ ದಿನ ಒಂದು, ಮರುದಿನ ಅದೇ ಪಟ್ಟಿಯನ್ನು ಇನ್ನೊಂದಕ್ಕೆ ಬದಲಿಸಲಿ. ಬದಲಾಗುವುದು 'ಈಸ್' ಮಾತ್ರ, ಅದು 'ವಾಸ್' ಆಗುತ್ತದೆ.

ಗ್ರಾಮರ್_ಗಲಾಟೆ
ಆಯ್ತು. ಆದರೆ 'ಸೇಮ್', 'ಸಿಮಿಲರ್', 'ಐಡೆಂಟಿಕಲ್' ಮೂರನ್ನು ಬೇರೆ ಮಾಡದಿದ್ದರೆ ಡಿಬೇಟ್ ಹಳ್ಳ ಹಿಡಿಯುತ್ತದೆ.

ಲ್ಯಾಬ್_ಕೋಟು
ಅದಕ್ಕೆ ಬೆಕ್ಕಿನ ಉದಾಹರಣೆ ಉಂಟು. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೊದಲ ಕ್ಲೋನ್ ಬೆಕ್ಕು ಹುಟ್ಟಿತು, ಹೆಸರು ಸಿಸಿ. ಮೂಲ ಬೆಕ್ಕು ಮೂರು ಬಣ್ಣದ್ದು, ಕಿತ್ತಳೆ ಮಚ್ಚೆ ಉಂಟು. ಸಿಸಿಗೆ ಕಿತ್ತಳೆಯೇ ಇಲ್ಲ! ಹೆಣ್ಣು ಬೆಕ್ಕಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಮಲಗಿರುತ್ತದೆ. ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಮೇಲೆ. ಅವರು ಆರಿಸಿದ ಕೋಶದಲ್ಲಿ ಮಲಗಿದ್ದು ಕಿತ್ತಳೆಯ ಎಕ್ಸ್. ಜೀನ್ ಒಂದೇ, ರೂಪ ಬೇರೆ.

ಇನ್ನೊಂದು ಸಣ್ಣ ವಿಷಯ. ಖಾಲಿ ಮಾಡಿದ ಅಂಡಾಣುವಿನಲ್ಲೂ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಉಳಿಯುತ್ತವೆ, ಅವಕ್ಕೆ ಅವುಗಳದ್ದೇ 37 ಜೀನ್ ಉಂಟು. ಅದು ಅಂಡಾಣು ಕೊಟ್ಟವಳದ್ದು. ನೂರಕ್ಕೆ ನೂರು ಪ್ರತಿ ಅಂತ ಹೇಳಬೇಡಿ.

ಸುಮ್ನೆ_ಓದುವವ
ಡಾಲಿ ಬೇಗ ಮುದುಕಿಯಾಗಿ ಸತ್ತದ್ದು ಕ್ಲೋನ್ ಆದ ಕಾರಣಕ್ಕೆ ಅಲ್ವಾ?

ಲ್ಯಾಬ್_ಕೋಟು
ಎಲ್ಲ ಕಡೆ ಹೀಗೇ ಬರೆದಿರುತ್ತಾರೆ, ತಪ್ಪು. 2003ರ ಫೆಬ್ರವರಿ 14ರಂದು ಡಾಲಿಗೆ ದಯಾಮರಣ ಕೊಟ್ಟರು, ಆಗ ಆರೂವರೆ ವರ್ಷ. ಕಾರಣ ಶ್ವಾಸಕೋಶದ ಗಡ್ಡೆ, ಅದು ಕುರಿಗಳಲ್ಲಿ ವೈರಸ್ಸಿನಿಂದ ಹರಡುವ ಕಾಯಿಲೆ. ಅದೇ ಕೆಚ್ಚಲಿನ ಕೋಶಗಳಿಂದ ಮಾಡಿದ ಇನ್ನೂ ನಾಲ್ಕು ಕುರಿಗಳನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಸಾಕಿ ಪರೀಕ್ಷಿಸಿ, ಸಹಜವಾಗಿಯೇ ಮುದಿಯಾಗುತ್ತಿವೆ ಅಂತ 2016ರಲ್ಲಿ ವರದಿ ಬಂತು. ಡಾಲಿ ಆರು ಮರಿಗಳ ತಾಯಿಯೂ ಆಗಿತ್ತು, ಮಾಮೂಲಿ ರೀತಿಯಲ್ಲೇ.

ನೇಗಿಲು_ಹಿರಿಯ
ಡಿಬೇಟಿಗೆ ನಾನೊಂದು ವಿಷಯ ಕೊಡುತ್ತೇನೆ ಟೀಚರ್. ಮನುಷ್ಯರನ್ನು ಬಿಡಿ. "ಕಂಬಳದಲ್ಲಿ ಗೆದ್ದ ಕೋಣವನ್ನು ಕ್ಲೋನ್ ಮಾಡಿದರೆ ಅದೂ ಗೆಲ್ಲುತ್ತದಾ?" ಒಬ್ಬನೂ ಗೈಡ್ ನೋಡ್ಲಿಕ್ಕಿಲ್ಲ.

ಸುಮ್ನೆ_ಓದುವವ
ಗೆಲ್ಲದೆ ಎಂತ! ರಕ್ತ ಅದೇ ಅಲ್ವಾ.

ನೇಗಿಲು_ಹಿರಿಯ
ರಕ್ತ ಮಾತ್ರ ಓಡುವುದಿಲ್ಲ ಮಾರಾಯ್ರೆ. ಹುರುಳಿ ಬೇಯಿಸಿ ಹಾಕಬೇಕು, ಎಣ್ಣೆ ಹಚ್ಚಿ ತಿಕ್ಕಬೇಕು, ಈಜಿಸಬೇಕು, ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಅಭ್ಯಾಸ ಮಾಡಿಸಬೇಕು. ಅದು ಜೋಡಿಯಲ್ಲಿ ಓಡುವ ಪ್ರಾಣಿ. ಹೊಂದುವ ಜೊತೆಕೋಣ ಇಲ್ಲದಿದ್ದರೆ ಒಂದು ಎಡಕ್ಕೆ, ಒಂದು ಬಲಕ್ಕೆ. ಓಡಿಸುವವನ ಕೈ ಬೇರೆ. ಹಗ್ಗ ಹಿರಿಯ ವಿಭಾಗದಲ್ಲಿ ಓಡುವುದನ್ನು ಅಡ್ಡ ಹಲಗೆ ವಿಭಾಗಕ್ಕೆ ಕಟ್ಟಿದರೆ ಅದೇ ಓಟ ಬರುತ್ತದೆ ಅಂತ ಇಲ್ಲ.

ಲ್ಯಾಬ್_ಕೋಟು
ಒಳ್ಳೆ ವಿಷಯ, ಮತ್ತೆ ಕಲ್ಪನೆಯೂ ಅಲ್ಲ. ಎಮ್ಮೆ ಕ್ಲೋನಿಂಗ್‌ನಲ್ಲಿ ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಹೆಸರು ದೊಡ್ಡದು. ಅಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ಕರು ಸಮರೂಪ ಕೆಲವೇ ದಿನ ಬದುಕಿತು. ಅದೇ ಜೂನ್‌ನಲ್ಲಿ ಗರಿಮಾ ಹುಟ್ಟಿತು, ಅದು ಎರಡು ವರ್ಷ ಬದುಕಿತು. ಅವರ ವಿಧಾನ ರೋಸ್ಲಿನ್‌ಗಿಂತ ಅಗ್ಗ: ಅಂಡಾಣುವಿನ ಹೊರಪೊರೆಯನ್ನು ಕಿಣ್ವದಿಂದ ಕರಗಿಸಿ, ಸೂಕ್ಷ್ಮದರ್ಶಕದ ಕೆಳಗೆ ತೆಳು ಬ್ಲೇಡಿನಿಂದ ಕೈಯಲ್ಲೇ ಕೋಶಕೇಂದ್ರದ ಭಾಗ ಕತ್ತರಿಸುತ್ತಾರೆ. ದುಬಾರಿ ಯಂತ್ರ ಬೇಡ, ಆದರೆ ಕೈ ನಡುಗಬಾರದು.

2023ರ ಮಾರ್ಚ್ 16ರಂದು ಅಲ್ಲೇ ಗಿರ್ ತಳಿಯ ಗಂಗಾ ಹುಟ್ಟಿತು. ಕೋಶ ಗಿರ್ ಹಸುವಿನದ್ದು, ಅಂಡಾಣು ಸಾಹಿವಾಲ್ ಹಸುವಿನದ್ದು, ಗರ್ಭ ಮಿಶ್ರತಳಿಯದ್ದು. ಪ್ಯಾಸೇಜಿನಲ್ಲಿ ಡಾಲಿ ಇದ್ದರೂ ಅಭ್ಯಾಸಕ್ಕೆ ಗಂಗಾ ಕೊಡಿ: "ಹು ಗೇವ್ ದ ಸೆಲ್? ಹು ಗೇವ್ ದ ಎಗ್? ಹು ಕ್ಯಾರೀಡ್ ದ ಕಾಫ್?" ಮೂರು ಪ್ರಶ್ನೆ, ಮೂರು ಹಸು.

ಅಡಿಕೆ_ಹಾಳೆ
ಹಾಗಾದರೆ ಒಳ್ಳೆ ಕೋಣ, ಒಳ್ಳೆ ದನ ಮಾತ್ರ ಕ್ಲೋನ್ ಮಾಡುತ್ತಾ ಹೋದರೆ ಆಯಿತಲ್ಲ?

ಗೇರುಬೀಜ
ಬಾಳೆಗೆ ಆದದ್ದೇ ಆಗುತ್ತದೆ. ಗ್ರೋ ಮಿಷೆಲ್ ಅಂತ ಒಂದು ಬಾಳೆ, ಒಂದು ಕಾಲಕ್ಕೆ ಜಗತ್ತಿನ ರಫ್ತೆಲ್ಲ ಅದೇ. ಎಲ್ಲ ಗಿಡವೂ ಒಂದೇ ಕ್ಲೋನ್. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿಗೆ ಬಂದಾಗ ಒಂದಕ್ಕೆ ತಾಗಿದ್ದು ಎಲ್ಲಕ್ಕೂ ತಾಗಿತು, 1960ರ ಸುಮಾರಿಗೆ ವ್ಯಾಪಾರದಿಂದಲೇ ಹೋಯಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಾವು ಜಿ-9 ಅನ್ನುವ ಬಾಳೆ ಅದೇ ಗುಂಪಿನದ್ದು. ಈಗ ಅದೇ ರೋಗದ ಹೊಸ ತಳಿ, ಟಿಆರ್-4, ಕ್ಯಾವೆಂಡಿಶ್‌ಗೂ ಬಿದ್ದಿದೆ.

ಬಸಳೆ_ಚಪ್ಪರ
ಅಂಗಾಂಶ ಕೃಷಿಯ ಬಾಳೆಗೆ ರೋಗವೇ ಇಲ್ಲ ಅಂತ ನರ್ಸರಿಯವರು ಹೇಳುತ್ತಾರಲ್ಲ?

ಲ್ಯಾಬ್_ಕೋಟು
ರೋಗ *ಇಲ್ಲದ* ಸಸಿ ಬೇರೆ, ರೋಗ *ತಡೆಯುವ* ಸಸಿ ಬೇರೆ. ಲ್ಯಾಬಿನಿಂದ ಶುದ್ಧವಾಗಿ ಬರುತ್ತದೆ, ರೋಗದ ಮಣ್ಣಿಗೆ ಹಾಕಿದರೆ ಅದಕ್ಕೂ ಬರುತ್ತದೆ.

ವಿಧಾನ ಬೇಕಾದವರಿಗೆ: ಕಂದಿನ ತುದಿಯ ಬೆಳೆಯುವ ಭಾಗ ತೆಗೆದು, ಸೋಂಕು ಕಳೆದು, ಮುರಾಶಿಗೆ-ಸ್ಕೂಗ್ ಎಂಬ ಪೋಷಕಾಂಶದ ಮಾಧ್ಯಮದಲ್ಲಿ ಇಡುತ್ತಾರೆ. ಲೀಟರಿಗೆ ಸಕ್ಕರೆ 30 ಗ್ರಾಂ, ಗಟ್ಟಿ ಮಾಡುವ ಅಗರ್ 7–8 ಗ್ರಾಂ, ಪಿಎಚ್ 5.8. ಬಾಟಲಿಯನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15–20 ನಿಮಿಷ ಬೇಯಿಸಿ ಕ್ರಿಮಿಮುಕ್ತ ಮಾಡುತ್ತಾರೆ, ನಮ್ಮ ಕುಕ್ಕರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಮೂರು-ನಾಲ್ಕು ವಾರಕ್ಕೊಮ್ಮೆ ಮೊಳಕೆ ಬಿಡಿಸಿ ಹೊಸ ಬಾಟಲಿಗೆ. ಸಕ್ಕರೆ ಇರುವುದರಿಂದ ಒಂದು ಬೂಷ್ಟಿನ ಕಣ ಹೊಕ್ಕರೂ ಬಾಟಲಿ ಹೋಯಿತು. ಸುಮಾರು ಎಂಟು ಸುತ್ತಿಗಿಂತ ಜಾಸ್ತಿ ಎಳೆದರೆ ಕುಳ್ಳ ಗಿಡ, ವಿಚಿತ್ರ ಗೊನೆ ಬರುವುದು ಹೆಚ್ಚುತ್ತದೆ. ಕ್ಲೋನ್ ಅಂದ ಮಾತ್ರಕ್ಕೆ ಎಡವುವುದಿಲ್ಲ ಅಂತ ಇಲ್ಲ.

ಸುಮ್ನೆ_ಓದುವವ
ಮಕ್ಕಳು ಡೈರ್ ವುಲ್ಫ್ ವಿಡಿಯೋ ನೋಡಿರುತ್ತಾರೆ. ಹತ್ತು ಸಾವಿರ ವರ್ಷದ ತೋಳ ವಾಪಸ್ ಬಂತು ಅಂತ.

ಲ್ಯಾಬ್_ಕೋಟು
2025ರ ಏಪ್ರಿಲ್‌ನ ಸುದ್ದಿ ಅದು. ಹಳೆ ತೋಳದ ಜೀವಂತ ಕೋಶ ಯಾರ ಹತ್ತಿರವೂ ಇಲ್ಲ. ಬೂದು ತೋಳದ ಕೋಶ ತೆಗೆದು, 14 ಜೀನ್‌ಗಳಲ್ಲಿ 20 ಕಡೆ ತಿದ್ದಿ, ಅದನ್ನು ನಾಯಿಯ ಖಾಲಿ ಅಂಡಾಣುವಿಗೆ ಸೇರಿಸಿ, ನಾಯಿಯ ಗರ್ಭದಲ್ಲಿ ಬೆಳೆಸಿದರು. ಅಂದರೆ ಜೀನ್ ತಿದ್ದುಪಡಿಯೂ ಕ್ಲೋನಿಂಗೂ ಒಟ್ಟಿಗೆ. ಹುಟ್ಟಿದ್ದು ತಿದ್ದಿದ ಬೂದು ತೋಳ.

ಟೀಚರ್ ಕೇಳಿದ ಕಲಸುಮೇಲೋಗರಕ್ಕೂ ಇಲ್ಲೇ ಉತ್ತರ ಉಂಟು. ಪ್ರನಾಳ ಶಿಶು ಅಂದರೆ ಅಪ್ಪ-ಅಮ್ಮ ಇಬ್ಬರ ಜೀನ್, ಸೇರುವ ಜಾಗ ಮಾತ್ರ ಗಾಜಿನ ತಟ್ಟೆ. ಮೊದಲನೆಯದು 1978ರಲ್ಲಿ ಇಂಗ್ಲೆಂಡಿನಲ್ಲಿ. ಕುಲಾಂತರಿ ಅಂದರೆ ಬೇರೆ ಜೀವಿಯ ಜೀನ್ ತಂದು ಸೇರಿಸುವುದು, ಬಿಟಿ ಹತ್ತಿಯ ಹಾಗೆ. ಜೀನ್ ತಿದ್ದುಪಡಿ ಅಂದರೆ ಇರುವುದನ್ನೇ ಕತ್ತರಿಸಿ ಸರಿ ಮಾಡುವುದು, ಕ್ರಿಸ್ಪರ್ ಅದಕ್ಕೇ, 2020ರ ನೊಬೆಲ್. ಕ್ಲೋನ್ ಅಂದರೆ ಏನೂ ಬದಲಿಸದೆ ಒಬ್ಬರದ್ದನ್ನೇ ಮತ್ತೊಮ್ಮೆ.

ಪದಕೋಶ
ಬೆರಕೆ, ಸೇರಿಕೆ, ತಿದ್ದಿಕೆ, ಪ್ರತಿ. ಇಂಗ್ಲಿಷಿಗೆ ಮಿಕ್ಸ್, ಆ್ಯಡ್, ಎಡಿಟ್, ಕಾಪಿ. ನಾಲ್ಕು ಕ್ರಿಯಾಪದ ಸಾಕು.

ಗ್ರಾಮರ್_ಗಲಾಟೆ
ಕಾಪಿ ಅಂದರೆ ಪರೀಕ್ಷೆ ನೆನಪಾಗುತ್ತದೆ ಅವಕ್ಕೆ.

ಅಡಿಕೆ_ಹಾಳೆ
ಈಗ ಧ್ವನಿಯನ್ನೂ ಕ್ಲೋನ್ ಮಾಡುತ್ತಾರೆ, ಅದನ್ನೂ ಸೇರಿಸಿ. ಸ್ವಲ್ಪ ರೆಕಾರ್ಡಿಂಗ್ ಸಿಕ್ಕಿದರೆ ಎಐ ಅದೇ ದನಿಯಲ್ಲಿ ಮಾತಾಡುತ್ತದೆ. ಮಗನ ದನಿಯಲ್ಲಿ "ಆಕ್ಸಿಡೆಂಟ್ ಆಯ್ತು, ದುಡ್ಡು ಕಳಿಸಿ" ಅಂತ ಫೋನ್ ಬಂದರೆ ಇಟ್ಟುಬಿಟ್ಟು ಅವನ ನಂಬರಿಗೆ ನಾವೇ ತಿರುಗಿ ಮಾಡಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ವೇದಿಕೆ_ನಿರ್ವಾಹಕ
ಧ್ವನಿ ವಂಚನೆಗೆ ಬೇರೆ ಎಳೆ ಉಂಟು, ಅಲ್ಲಿ ಮುಂದುವರಿಸಿ. ಇಲ್ಲಿ ಪಾಠ.

ಪದಕೋಶ
ಒಂದು ಮಾತು ನಿರ್ವಾಹಕರೇ, ಇದೂ ಪಾಠವೇ. ಗಿಡದ ಗೆಲ್ಲಿಗೆ ಇಟ್ಟ ಶಬ್ದ ಕುರಿಗೆ ಹೋಗಿ, ಎಟಿಎಂ ಕಾರ್ಡಿಗೆ ಹೋಗಿ, ದನಿಗೆ ಬಂದು ಮುಟ್ಟಿದೆ.

ಇಂಗ್ಲಿಷ್_ಟೀಚರ್_ಉಡುಪಿ
ಎಲ್ಲರಿಗೂ ಭಾರಿ ಉಪಕಾರ ಆಯ್ತು. ಮೊದಲ ಪೀರಿಯಡ್ ಬಸಳೆ ಮತ್ತು ಎರಡು ಕಾಲಂ, ಎರಡನೆಯದು ಡಾಲಿ ಪಟ್ಟಿ, ಮೂರನೆಯದು ಕಂಬಳದ ಕೋಣ. ಬಸಳೆಯನ್ನು ಕ್ಲಾಸಿನಲ್ಲೇ ನೆಡಿಸಿ, ದಿನಾ ಒಂದು ಇಂಗ್ಲಿಷ್ ವಾಕ್ಯ ಬರೆಸುವ ಅಂತ ಉಂಟು. ದಂಟು ಎಷ್ಟು ಉದ್ದ ಬೇಕು? 38 ಚಟ್ಟಿ ಎಲ್ಲಿಂದ ತರುವುದು?

ಬಸಳೆ_ಚಪ್ಪರ
ಮೂರು ಗೆಣ್ಣು ಇರುವಷ್ಟು, ತೀರಾ ಎಳತು ಬೇಡ. ಕೆಳಗಿನ ಎಲೆ ತೆಗೆದು, ಒಂದು ಗೆಣ್ಣು ಮಣ್ಣಿನ ಒಳಗೆ ಹೋಗಲಿ. ಬುಡ-ತುದಿ ತಲೆಕೆಳಗಾದರೆ ಬರುವುದಿಲ್ಲ, ಹಾಗಾಗಿ ಬುಡವನ್ನು ಓರೆಯಾಗಿ ಕತ್ತರಿಸಿ ಗುರುತು ಇಡಿ. ಕೆಂಪು ಮಣ್ಣು, ಹೊಯಿಗೆ, ಸ್ವಲ್ಪ ಹಟ್ಟಿಗೊಬ್ಬರ. ವಾರ-ಹತ್ತು ದಿನದಲ್ಲಿ ಬೇರು ಬರುತ್ತದೆ. ಅದನ್ನು ನೋಡಬೇಕಾದರೆ ಒಂದು ದಂಟನ್ನು ಗಾಜಿನ ಲೋಟದ ನೀರಿನಲ್ಲಿ ಇಡಿ, ಇಲ್ಲವಾದರೆ ದಿನಾ ಕಿತ್ತು ಕಿತ್ತು ನೋಡಿ ಸಾಯಿಸುತ್ತಾರೆ.

ಚಟ್ಟಿ ಯಾಕೆ, ತೆಂಗಿನ ಗೆರಟೆ ಸಾಕು. ಕಣ್ಣಿರುವ ಅರ್ಧವನ್ನೇ ತರಲು ಹೇಳಿ. ಮೂರು ಕಣ್ಣಿನಲ್ಲಿ ಒಂದು ಮಾತ್ರ ಮೆತ್ತಗೆ, ಅದನ್ನು ಮೊಳೆಯಲ್ಲಿ ಚುಚ್ಚಿದರೆ ನೀರು ಇಳಿದು ಹೋಗುತ್ತದೆ.

ಗ್ರಾಮರ್_ಗಲಾಟೆ
38 ಮಕ್ಕಳಿಗೆ 19 ಕಾಯಿ ಅಂತ ಲೆಕ್ಕ ಹಾಕಬೇಡಿ ಟೀಚರ್, ಕಣ್ಣಿರುವ ಅರ್ಧ ಕಾಯಿಗೊಂದೇ.